ಮೂರು ಅಂತಸ್ತಿನ ಗೊಬ್ಬರದ ಮಡಕೆ: ಒಂಬತ್ತು ವರ್ಷ ಬಳಸಿದವಳ ಅನುಭವ

ನಾನು ಬೆಂಗಳೂರಿನ ಹನುಮಂತನಗರದವಳು. ಮನೆಯಲ್ಲೇ ಅಡುಗೆ ಮಾಡಿ 14 ಮಂದಿಗೆ ಮಧ್ಯಾಹ್ನದ ಊಟದ ಕ್ಯಾರಿಯರ್ ಕಳಿಸುತ್ತೇನೆ. ಹಾಗಾಗಿ ನನ್ನ ಅಡುಗೆಮನೆಯಿಂದ ಹೊರಬೀಳುವ ಹಸಿ ಕಸ ಒಂದು ಸಾಮಾನ್ಯ ಸಂಸಾರದ್ದಲ್ಲ. ಸೊಪ್ಪಿನ ದಂಟು, ಬೆಂಡೆಕಾಯಿಯ ತೊಟ್ಟು, ಹೀರೆಕಾಯಿಯ ಸಿಪ್ಪೆ, ಕಾಫಿ ಚರಟ, ಹಿಂದಿನ ದಿನ ಉಳಿದ ಅನ್ನ ಎಲ್ಲ ಸೇರಿ ದಿನಕ್ಕೆ ಮೂರೂವರೆ ಕಿಲೋ. ಬೂದುಗುಂಬಳದ ಹುಳಿ ಮಾಡಿದ ದಿನ ನಾಲ್ಕು ದಾಟುತ್ತದೆ. ತರಕಾರಿ ತೂಗುವ ತಕ್ಕಡಿಯಲ್ಲೇ ತೂಗಿ ಹೇಳುತ್ತಿದ್ದೇನೆ. ಗೊಬ್ಬರದ ಮಡಕೆಯ ಬಗ್ಗೆ ಬರೆಯುವವರು ಹೆಚ್ಚಾಗಿ ಮೂರು ತಿಂಗಳು ಬಳಸಿದ ಉತ್ಸಾಹದಲ್ಲಿ ಬರೆಯುತ್ತಾರೆ. ನಾನು 2016ರ ನವೆಂಬರಿನಿಂದ ಬಳಸುತ್ತಿದ್ದೇನೆ. ನಡುವೆ 2020ರ ಲಾಕ್‌ಡೌನ್‌ನಲ್ಲಿ ಕ್ಯಾರಿಯರ್ ನಿಂತಾಗ ಮಾತ್ರ ಮಡಕೆಗೂ ಸ್ವಲ್ಪ ಬಿಡುವು ಸಿಕ್ಕಿತು. ಲೆಕ್ಕ ಹಾಕಿದರೆ ಒಂಬತ್ತು ಟನ್ನಿಗೆ ಕಡಿಮೆಯಿಲ್ಲದಷ್ಟು ಕಸ ಈ ಮಣ್ಣಿನ ಪಾತ್ರೆಗಳೊಳಗೆ ಇಳಿದು ಕರಗಿದೆ.

ಮೊದಲು ವಸ್ತುವಿನ ಮಾತು. ಸುಟ್ಟ ಜೇಡಿಮಣ್ಣಿನ ಮೂರು ಮಡಕೆಗಳನ್ನು ಒಂದರ ಮೇಲೊಂದು ಕೂರಿಸಿರುತ್ತಾರೆ. ಮೇಲಿನ ಎರಡಕ್ಕೆ ತಳವಿಲ್ಲ, ಆ ಜಾಗದಲ್ಲಿ ಹಗ್ಗದ ಹೆಣಿಗೆ ಇರುತ್ತದೆ. ಕೆಳಗಿನದಕ್ಕೆ ತಳವಿದೆ. ಪಕ್ಕಗಳಲ್ಲಿ ಗಾಳಿಯಾಡಲು ತೂತುಗಳು, ತಲೆಯ ಮೇಲೆ ಮುಚ್ಚಳ. ಹೆಣಿಗೆಯ ಮೇಲೆ ಹಳೆಯ ದಿನಪತ್ರಿಕೆ ಹಾಸಿ ಮೇಲಿನ ಮಡಕೆಗೆ ಕಸ ಹಾಕುವುದು. ಅದು ತುಂಬಿದ ಮೇಲೆ ನಡುವಿನದನ್ನು ಮೇಲಕ್ಕೆ ತಂದು ಇದನ್ನು ಕೆಳಗಿಳಿಸುವುದು. ಎರಡೂ ತುಂಬಿದಾಗ ಹಳೆಯದನ್ನು ತಳದ ಮಡಕೆಗೆ ಸುರಿದು ಅಲ್ಲಿ ಮಾಗಲು ಬಿಡುವುದು. ಪ್ಲಾಸ್ಟಿಕ್ ಡಬ್ಬಿಯೂ ಅಂಗಡಿಯಲ್ಲಿ ಸಿಗುತ್ತದೆ, ಅಗ್ಗವೂ ಹೌದು. ಆದರೆ ಜೇಡಿಮಣ್ಣು ಉಸಿರಾಡುತ್ತದೆ. ಬೇಸಿಗೆಯಲ್ಲಿ ಮಡಕೆಯ ಹೊರಮೈ ಮುಟ್ಟಿದರೆ ಕುಡಿಯುವ ನೀರಿನ ಹೂಜಿಯಂತೆ ತಣ್ಣಗಿರುತ್ತದೆ. ಒಳಗೆ ಕೈ ಇಟ್ಟರೆ ಅನ್ನದ ಪಾತ್ರೆಯ ಮುಚ್ಚಳ ಮುಟ್ಟಿದಷ್ಟು ಬೆಚ್ಚಗೆ. ಕಸದ ಹೆಚ್ಚಿನ ತೇವವನ್ನು ಮಣ್ಣೇ ಹೀರಿ ಹೊರಗೆ ಬಿಟ್ಟುಕೊಡುತ್ತದೆ. ಈ ಒಂದು ಗುಣಕ್ಕಾಗಿಯೇ ಇಂದಿಗೂ ಯಾರು ಕೇಳಿದರೂ ಮಣ್ಣಿನದನ್ನೇ ಕೊಳ್ಳಿ ಎನ್ನುತ್ತೇನೆ.

ನಾನು ಯಾಕೆ ಕೊಂಡೆ ಎಂಬುದನ್ನು ಹೇಳದೆ ಮುಂದೆ ಹೋಗಲಾರೆ.

2012 ನೆನಪಿರುವವರಿಗೆ ನೆನಪಿರುತ್ತದೆ. ಆ ಜುಲೈನಲ್ಲಿ, ನಗರದ ಕಸ ಬೀಳುತ್ತಿದ್ದ ಮಾವಳ್ಳಿಪುರ ಎಂಬ ಹಳ್ಳಿಯಲ್ಲಿ ಕಸ ಸುರಿಯುವುದು ನಿಂತಿತು. ಬೆಂಗಳೂರಿನ ಮೂಲೆಮೂಲೆಗಳಲ್ಲಿ ಕಸದ ಗುಡ್ಡೆಗಳೆದ್ದವು. ನಮ್ಮ ಅಡ್ಡರಸ್ತೆ ಮುಖ್ಯರಸ್ತೆಗೆ ಸೇರುವಲ್ಲಿ ವಿದ್ಯುತ್ ಟ್ರಾನ್ಸ್‌ಫಾರ್ಮರ್ ಇದೆ. ಅದರ ಬುಡದಲ್ಲಿ ನನ್ನ ಸೊಂಟದೆತ್ತರಕ್ಕೆ ಕಪ್ಪು ಚೀಲಗಳು ಬಿದ್ದಿದ್ದವು. ಗಣಪತಿ ಹಬ್ಬಕ್ಕೆ ಬಂದ ನೆಂಟರು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಬಂದರು. ಅಕ್ಟೋಬರ್ 1ರಿಂದ ಮನೆಯಲ್ಲೇ ಕಸ ವಿಂಗಡಿಸುವುದು ಕಡ್ಡಾಯ ಎಂದು ಪಾಲಿಕೆ ಸಾರಿತು. ನಮ್ಮ ಬೀದಿಯಲ್ಲಿ ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ನಾನೂ ತೆಗೆದುಕೊಳ್ಳಲಿಲ್ಲ. ಒಂದೆರಡು ವಾರದಲ್ಲಿ ಲಾರಿಗಳು ಮತ್ತೆ ಬಂದವು, ಗುಡ್ಡೆ ಕರಗಿತು, ನನಗೆ ಅಷ್ಟೇ ಸಾಕಾಗಿತ್ತು.

ಲಾರಿಗಳು ಎಲ್ಲಿಗೆ ಹೋಗುತ್ತವೆ ಎಂದು ಕಂಡದ್ದು ಮರುವರ್ಷ. ನನ್ನ ತಂಗಿಯ ಮಗಳನ್ನು, ಆಗ ನಗರದ ಕಸ ಸುರಿಯುತ್ತಿದ್ದ ಮಂಡೂರಿನ ಪಕ್ಕದ ಊರಿಗೆ ಕೊಟ್ಟಿದ್ದೇವೆ. ಅವಳ ಸೀಮಂತಕ್ಕೆ ಹೋದೆವು. ಬಾಳೆಲೆ ಹಾಕಿ ಪಾಯಸ ಬಡಿಸುವಷ್ಟರಲ್ಲಿ ಎಲೆ ಕಪ್ಪಾಯಿತು. ನೊಣ. ಒಂದು ಕೈಯಲ್ಲಿ ಬೀಸಣಿಗೆ ಹಿಡಿದು ಇನ್ನೊಂದು ಕೈಯಲ್ಲಿ ಊಟ ಮಾಡುವುದು ಆ ಮನೆಯವರಿಗೆ ಅಭ್ಯಾಸವಾಗಿತ್ತು. ಹಸಿರು ಸೀರೆ ಉಟ್ಟು, ಬಳೆ ತೊಟ್ಟು ಕುಳಿತಿದ್ದ ಏಳು ತಿಂಗಳ ಬಸುರಿ ಹುಡುಗಿ ಎದ್ದು ಬಾಗಿಲು ಹಾಕಿ ಬಂದಳು. ಗಾಳಿ ಕಸದ ಗುಡ್ಡದ ಕಡೆಯಿಂದ ಬೀಸುತ್ತಿತ್ತು. "ದೊಡ್ಡಮ್ಮ, ನಿಮ್ಮ ಕಡೆ ಲಾರಿ ದಿನಾ ಬರುತ್ತದೆಯೇ?" ಎಂದು ಕೇಳಿದಳು. ದೂರುವ ದನಿಯಲ್ಲಿ ಕೇಳಲಿಲ್ಲ, ನಮ್ಮ ಬೀದಿಯ ಯೋಗಕ್ಷೇಮ ವಿಚಾರಿಸುವಂತೆ ಕೇಳಿದಳು. ನಾನು ಹೌದು ಎಂದೆ. ಆ ಹೌದು ನನ್ನ ಗಂಟಲಿನಲ್ಲಿ ಇಂದಿಗೂ ಇದೆ. 2014ರಲ್ಲಿ ಮಂಡೂರಿನ ಜನ ರಸ್ತೆಗಿಳಿದು ಲಾರಿ ತಡೆದರು. ಆ ವರ್ಷದ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ನಿಂತ ಮೇಲೆ ಲಾರಿಗಳು ಬೇರೆ ಹಳ್ಳಿಗಳ ಪಕ್ಕದ ಕಲ್ಲು ಕ್ವಾರಿಗಳ ಕಡೆಗೆ ತಿರುಗಿದವು. ಅಲ್ಲಿಯೂ ಯಾರದೋ ತಂಗಿಯ ಮಗಳು ಬಾಗಿಲು ಹಾಕಿಕೊಳ್ಳುತ್ತಿರುತ್ತಾಳೆ.

ಊರಾಚೆ ರಾಶಿ ಬಿದ್ದು ನಾರುವುದರಲ್ಲಿ ಹೆಚ್ಚಿನ ಪಾಲು ನಮ್ಮ ಅಡುಗೆಮನೆಯ ಹಸಿ ಕಸದ್ದೇ. ನಗರದ ಕಸದಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ. ಗಾಳಿಯಾಡದ ರಾಶಿಯ ಅಡಿಯಲ್ಲಿ ಅದು ಕೊಳೆತು ಮೀಥೇನ್ ಬಿಡುತ್ತದೆ, ಕಪ್ಪು ರಸವಾಗಿ ಇಳಿದು ಬಾವಿ ಸೇರುತ್ತದೆ. ಅದೇ ಸಿಪ್ಪೆ ಗಾಳಿಯಾಡುವ ಮಡಕೆಯಲ್ಲಿ ಒಣ ಎಲೆಯ ಜೊತೆ ಕುಳಿತರೆ ಗೊಬ್ಬರವಾಗುತ್ತದೆ.

2016ರಲ್ಲಿ ನಗರದ ಬೇರೆ ಬೇರೆ ಬಡಾವಣೆಗಳಲ್ಲಿ ನಾಗರಿಕರೇ ಸೇರಿ 'ಕಾಂಪೋಸ್ಟ್ ಸಂತೆ' ನಡೆಸುತ್ತಿದ್ದರು. ಸಾಲಿಡ್ ವೇಸ್ಟ್ ಮ್ಯಾನೇಜ್‌ಮೆಂಟ್ ರೌಂಡ್ ಟೇಬಲ್ ಎಂಬ ನಾಗರಿಕರ ಬಳಗ 'ಸ್ವಚ್ಛಾಗ್ರಹ' ಎಂಬ ಹೆಸರಿನಲ್ಲಿ ಆಗ ಮನೆಮನೆಯಲ್ಲಿ ಗೊಬ್ಬರ ಮಾಡಿಸುವ ಕೆಲಸಕ್ಕೆ ಕೈಹಾಕಿತ್ತು. ಹಸಿ ಕಸಕ್ಕೆ ಹಸಿರು ಡಬ್ಬಿ, ಸ್ಯಾನಿಟರಿ ಪ್ಯಾಡ್‌ನಂಥ ತ್ಯಾಜ್ಯಕ್ಕೆ ಕೆಂಪು ಡಬ್ಬಿ, ಒಣ ಕಸಕ್ಕೆ ಒಂದು ಚೀಲ ಎಂಬ 'ಎರಡು ಡಬ್ಬಿ ಒಂದು ಚೀಲ' ಪದ್ಧತಿಯನ್ನು ರೂಪಿಸಿದವರೂ ಇಂಥ ನಾಗರಿಕರೇ. 2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಅದನ್ನೇ ಇಡೀ ನಗರಕ್ಕೆ ವಿಧಿಸಿತು. ನಾನು ಹೋದ ಸಂತೆಯಲ್ಲಿ ಹತ್ತಾರು ಬಗೆಯ ಡಬ್ಬಿ, ಬುಟ್ಟಿ, ಮಡಕೆಗಳಿದ್ದವು. ಒಬ್ಬ ಹಿರಿಯ ಹೆಂಗಸು ಗೊಬ್ಬರವನ್ನು ಬೊಗಸೆಯಲ್ಲಿ ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದರು. ಮೊದಲ ಮಳೆ ಬಿದ್ದ ಹೊಲದ ವಾಸನೆ. ನಾನು ಚೌಕಾಸಿ ಮಾಡದೆ ಎರಡು ಸಾವಿರದ ಚಿಲ್ಲರೆ ಕೊಟ್ಟು ಒಂದು ಸೆಟ್ ಕೊಂಡು ಆಟೋದಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದೆ.

ಈಗ ದೋಷಗಳು. ನಾಲ್ಕೈದು ಜನರ ಮನೆಗೆ ಒಂದು ಸೆಟ್ ಸಾಕು ಎಂದು ಮಾರಿದವರು ಹೇಳಿದ್ದು ನಿಜ, ಆದರೆ ಅದು ಅಳತೆಯಲ್ಲಿ ಅಡುಗೆ ಮಾಡುವ ಮನೆಗೆ. ನನಗೆ ಹತ್ತು ದಿನಕ್ಕೆ ಒಂದು ಮಡಕೆ ತುಂಬಿತು, ಒಳಗಿನದು ಮಾಗಲು ಎರಡು ತಿಂಗಳು ಬೇಕು. ಹಾಗಾಗಿ ಒಂದು ಸೆಟ್ ಕೊಂಡ ಮೂವತ್ತನೆಯ ದಿನಕ್ಕೆ ಜಾಗವಿಲ್ಲದೆ ನಿಂತೆ. ಈಗ ನನ್ನ ಹಿತ್ತಿಲಿನಲ್ಲಿ ಮೂರು ಸೆಟ್, ಅಂದರೆ ಒಂಬತ್ತು ಮಡಕೆಗಳಿವೆ. ಕೊಳ್ಳುವ ಮುಂಚೆ ಒಂದು ವಾರ ನಿಮ್ಮ ಹಸಿ ಕಸವನ್ನು ತೂಗಿ ನೋಡಿ. ದಿನಕ್ಕೆ ಒಂದು ಕಿಲೋ ಒಳಗಿದ್ದರೆ ಒಂದು ಸೆಟ್ ಧಾರಾಳವಾಗಿ ಸಾಕು.

ತೂಕ ಇನ್ನೊಂದು ತೊಂದರೆ. ತುಂಬಿದ ಮಡಕೆಯನ್ನು ಎತ್ತಿ ಕೆಳಗಿಡುವುದು ಐವತ್ತು ದಾಟಿದ ಸೊಂಟಕ್ಕೆ ಕಷ್ಟ. ಮೊದಲ ವರ್ಷವೇ ಒಂದರ ಅಂಚು ಕೈಜಾರಿ ನೆಲಕ್ಕೆ ತಾಗಿ ಚಕ್ಕೆ ಎದ್ದಿತು. ಈಗ ನಾನು ಮಡಕೆಯನ್ನು ಎತ್ತುವುದೇ ಇಲ್ಲ, ಒಳಗಿನದನ್ನು ಸಣ್ಣ ಸಲಿಕೆಯಿಂದ ಬೋಗುಣಿಗೆ ತೋಡಿ ಕೆಳಗಿನದಕ್ಕೆ ಹಾಕುತ್ತೇನೆ. ಮುಚ್ಚಳವೂ ಹಗುರ. ನಮ್ಮ ಚರಂಡಿಯ ಹೆಗ್ಗಣಗಳು ಎರಡು ರಾತ್ರಿಯಲ್ಲಿ ಅದನ್ನು ಉರುಳಿಸಿ ಒಡೆದವು. ಈಗ ಅದರ ಮೇಲೆ ಒಂದು ಒರಳುಗುಂಡು ಕೂರಿಸಿದ್ದೇನೆ. ಹಗ್ಗದ ಹೆಣಿಗೆ ಎರಡು ವರ್ಷಕ್ಕೆ ಕೊಳೆತು ಹೋಗುತ್ತದೆ. ನಾನು ನೈಲಾನ್ ಹಗ್ಗದಲ್ಲಿ ಮತ್ತೆ ಹೆಣೆದುಕೊಂಡೆ. ತಯಾರಿಸುವವರು ಇದನ್ನು ಮೊದಲೇ ಸರಿಪಡಿಸಿ ಕೊಡಬೇಕಿತ್ತು. ಒಡೆದದ್ದಕ್ಕೆ ಒಂದೇ ಮಡಕೆ ಬದಲಿಗೆ ಬೇಕೆಂದು ಕೇಳಿದಾಗ ಇಡೀ ಸೆಟ್ ಕೊಳ್ಳಿ ಎಂದರು. ಅದು ನನಗೆ ಸರಿ ಕಾಣಲಿಲ್ಲ. ಕೊನೆಗೆ ನಮ್ಮ ಮಾರುಕಟ್ಟೆಯ ಬಳಿ ಮಡಕೆ ಮಾರುವವರ ಹತ್ತಿರ ಅಳತೆ ಕೊಟ್ಟು, ತಳ ಬಿಟ್ಟು, ತೂತು ಕೊರೆಸಿ ಮಾಡಿಸಿಕೊಂಡೆ. ಅರ್ಧ ಬೆಲೆಗೆ ಆಯಿತು, ಗಟ್ಟಿಯಾಗಿಯೂ ಇದೆ.

ಹುಳುವಿನ ಮಾತು. ಎಲ್ಲರೂ ಇಲ್ಲಿಗೇ ಹೆದರಿ ಮಡಕೆಯಲ್ಲಿ ತುಳಸಿ ನೆಡುತ್ತಾರೆ. ಮೂರನೆಯ ವಾರ ಮುಚ್ಚಳ ತೆಗೆದರೆ ಬೆರಳಿನ ಗೆಣ್ಣುದ್ದದ ಬೂದುಬಣ್ಣದ ಹುಳುಗಳು ಮಿಜಿಮಿಜಿ ಎನ್ನುತ್ತಿದ್ದವು. ಮೈ ಜುಮ್ಮೆಂದಿತು. ಸಂತೆಯಲ್ಲಿ ಸಿಕ್ಕಿದ್ದ ಆ ಹಿರಿಯರಿಗೆ ಫೋನ್ ಮಾಡಿದೆ. "ಹೆದರಬೇಡಮ್ಮ, ಅವು ಕಪ್ಪು ಸೈನಿಕ ನೊಣದ ಮರಿಗಳು. ಕಚ್ಚುವುದಿಲ್ಲ, ರೋಗ ತರುವುದಿಲ್ಲ, ನಿನ್ನ ಕೆಲಸವನ್ನು ಬೇಗ ಮಾಡಿಕೊಡುತ್ತವೆ. ಅವು ಹೆಚ್ಚಾಗಿವೆ ಎಂದರೆ ನೀರು ಹೆಚ್ಚಾಗಿದೆ, ಎಲೆ ಹಾಕು" ಎಂದರು. ಎಲೆ ಹಾಕಿದೆ, ಕಡಿಮೆಯಾದವು. ಅಂದಿನಿಂದ ನನ್ನ ಮೂಗೇ ನನ್ನ ಮಾಪಕ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿಯಿಲ್ಲ, ಕೆದಕಬೇಕು. ಮೂಗಿಗೆ ಚುಚ್ಚುವ ಘಾಟು ಬಂದರೆ ಹಸಿಯದು ಹೆಚ್ಚಾಗಿದೆ, ಒಣ ಎಲೆ ಬೇಕು. ಏನೂ ಆಗದೆ ಹಾಗೆಯೇ ಕುಳಿತಿದ್ದರೆ ಒಣಗಿದೆ, ಒಂದು ಲೋಟ ಹುಳಿ ಮಜ್ಜಿಗೆಗೆ ನೀರು ಬೆರೆಸಿ ಚಿಮುಕಿಸಬೇಕು. ಬಿಳಿ ಬೂಷ್ಟು ಬಂದರೆ ಒಳ್ಳೆಯದೇ. ತೆಂಗಿನ ಚಿಪ್ಪು, ಮಾವಿನ ಓಟೆ ಹಾಕಬೇಡಿ, ವರ್ಷವಾದರೂ ಕರಗುವುದಿಲ್ಲ. ಸಾರು, ಹುಳಿ ಉಳಿದರೆ ಬಸಿದು ಹಾಕಿ.

ಒಣ ಎಲೆ ಎಂದು ಮೂರು ಸಲ ಹೇಳಿದೆ. ಈ ಮಡಕೆಯ ಗುಟ್ಟು ಅಲ್ಲಿಯೇ ಇದೆ, ಪೆಟ್ಟಿಗೆಯ ಮೇಲೆ ಅಚ್ಚಾದ ಸೂಚನೆಗಳಲ್ಲಿ ಅದು ಸಾಲದಷ್ಟು ಚಿಕ್ಕದಾಗಿತ್ತು. ಮಡಕೆಯ ಜೊತೆ ಒಂದು ಪುಡಿ ಮಾರುತ್ತಾರೆ. ತೆಂಗಿನ ನಾರಿನ ಪುಡಿಗೆ ಸೂಕ್ಷ್ಮಜೀವಿಗಳನ್ನು ಬೆರೆಸಿದ್ದು. ಒಳ್ಳೆಯ ಪುಡಿಯೇ. ಆದರೆ ನನ್ನ ಪ್ರಮಾಣಕ್ಕೆ ಅದನ್ನೇ ಕೊಳ್ಳುತ್ತ ಹೋಗಿದ್ದರೆ ಕ್ಯಾರಿಯರಿನ ಲಾಭವೆಲ್ಲ ಪುಡಿಗೆ ಹೋಗುತ್ತಿತ್ತು. ಒಂದು ಹಿಡಿ ಹಸಿಗೆ ಎರಡು ಹಿಡಿ ಒಣ ಎಲೆ ಹಾಕಿದರೆ ಪುಡಿ ಬೇಡ. ಅಷ್ಟೊಂದು ಎಲೆ ಎಲ್ಲಿಂದ ತರುವುದು? ನನ್ನ ಮನೆಯ ಮುಂದೆ ಒಂದೇ ಒಂದು ಹೊಂಗೆ ಮರವಿದೆ.

ಇಲ್ಲಿ ಮಡಕೆ ನನ್ನೊಬ್ಬಳ ಮಡಕೆಯಾಗಿ ಉಳಿಯಲಿಲ್ಲ. ನಮ್ಮ ಅಡ್ಡರಸ್ತೆಯಲ್ಲಿ 22 ಮನೆಗಳು. ಬೀದಿಯ ಎಲೆಗಳನ್ನು ಗುಡಿಸಿ ಮೂಲೆಯಲ್ಲಿ ಬೆಂಕಿ ಹಾಕುವುದು ವಾಡಿಕೆಯಾಗಿತ್ತು. ಚಳಿಗಾಲದ ಬೆಳಗ್ಗೆ ಆ ಹೊಗೆಗೆ ಮೂಲೆಮನೆಯ ನಿವೃತ್ತ ರೈಲ್ವೆ ಗಾರ್ಡ್ ಅವರಿಗೆ ಉಬ್ಬಸ ಹೆಚ್ಚಾಗುತ್ತಿತ್ತು. ನಾನು ಎಲೆ ಬೇಕು ಎಂದೆ, ಅವರು ಹೊಗೆ ಬೇಡ ಎಂದರು. ಇಬ್ಬರೂ ಸೇರಿ ಬೀದಿ ಗುಡಿಸುವ ಪೌರಕಾರ್ಮಿಕ ಮಹಿಳೆಯ ಬಳಿ ಹೋಗಿ ಎಲೆಯನ್ನು ಸುಡದೆ ಚೀಲಕ್ಕೆ ತುಂಬಿಕೊಡಿ, ಚೀಲ ನಾವು ಕೊಡುತ್ತೇವೆ ಎಂದೆವು. ಆಕೆ ನಮ್ಮ ಮುಖ ನೋಡಿ, "ಕೊಡುತ್ತೇನಮ್ಮ, ಆದರೆ ಎಲೆಯ ಜೊತೆ ಬ್ಲೇಡು, ಗಾಜು ಇಟ್ಟು ಎಸೆಯುವುದನ್ನು ನೀವು ನಿಲ್ಲಿಸಬೇಕು" ಎಂದು ಅಂಗೈ ತೋರಿಸಿದರು. ಹೆಬ್ಬೆರಳ ಬುಡದಿಂದ ಮಣಿಕಟ್ಟಿನವರೆಗೆ ಹೊಲಿಗೆಯ ಗುರುತಿತ್ತು. ನಮ್ಮದೇ ಬೀದಿಯ ಚೀಲದಿಂದ ಆದ ಗಾಯ. ರೈಲ್ವೆಯವರು ಅಂದೇ ಸಂಜೆ 22 ಮನೆಗೂ ಹೋದರು. ಗಾಜು, ಬ್ಲೇಡು ಇದ್ದರೆ ದಿನಪತ್ರಿಕೆಯಲ್ಲಿ ಸುತ್ತಿ, ಮೇಲೆ ಗುರುತು ಹಾಕಿ ಬೇರೆಯಾಗಿ ಕೈಗೆ ಕೊಡಬೇಕು ಎಂದು ಹೇಳಿ ಬಂದರು. ಏಳು ಮನೆಯವರು ಬಾಗಿಲು ತೆಗೆಯಲಿಲ್ಲ. ಅವರು ಮರುದಿನ ಮತ್ತೆ ಹೋದರು, ಅದರ ಮರುದಿನವೂ ಹೋದರು. ನಾನು ಕಂಡ ನಗರದ ಸೇವೆಗಳಲ್ಲೆಲ್ಲ ಇದಕ್ಕೆ ಮೊದಲ ಅಂಕ ಕೊಡುತ್ತೇನೆ.

ಟ್ರಾನ್ಸ್‌ಫಾರ್ಮರಿನ ಬುಡವನ್ನು 2017ರ ಒಂದು ಭಾನುವಾರ ನಾವೇ ತೊಳೆದೆವು. 2010ರಿಂದ 'ದಿ ಅಗ್ಲಿ ಇಂಡಿಯನ್' ಎಂಬ, ತಮ್ಮ ಹೆಸರು ಹೇಳಿಕೊಳ್ಳದವರ ಗುಂಪು ನಗರದಲ್ಲಿ ಇಂಥ ಜಾಗಗಳನ್ನು ಸರಿಪಡಿಸುತ್ತ ಬಂದಿದ್ದನ್ನು ನನ್ನ ಮಗ ಮೊಬೈಲಿನಲ್ಲಿ ತೋರಿಸಿದ್ದ. ಮಾತು ಬಿಟ್ಟು ಕೆಲಸ ಹಿಡಿಯುವುದು ಅವರ ರೀತಿ. ನಾವೂ ಭಾಷಣವಿಲ್ಲದೆ ಹನ್ನೊಂದು ಜನ ಸೇರಿ ಗೋಡೆಗೆ ಸುಣ್ಣ, ಕೆಳಗಿನ ಪಟ್ಟಿಗೆ ಕೆಂಪು ಬಳಿದೆವು. ದೇವರ ಪಟದ ಹಂಚು ಅಂಟಿಸೋಣ ಎಂದು ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ, ಕಸ ಎಸೆಯುವ ಕೈಯನ್ನು ತಡೆಯಲು ದೇವರನ್ನು ಚರಂಡಿಯ ಪಕ್ಕ ನಿಲ್ಲಿಸುವುದು ನನಗೆ ಒಗ್ಗದು. ಇಸ್ತ್ರಿ ಅಂಗಡಿಯವರು ತಮ್ಮ ಗಾಡಿಯನ್ನು ಅಲ್ಲಿಗೇ ತಂದು ನಿಲ್ಲಿಸಿಕೊಂಡರು. ಬೆಳಗ್ಗೆ ಆರರಿಂದ ರಾತ್ರಿ ಒಂಬತ್ತರವರೆಗೆ ಅಲ್ಲಿ ಮನುಷ್ಯರಿದ್ದರೆ ಸಾಕು, ಚೀಲ ಬೀಳುವುದಿಲ್ಲ. ಆದರೂ ಮೊದಲ ತಿಂಗಳು ಬಿತ್ತು, ಬೇರೆ ರಸ್ತೆಯಿಂದ ಸ್ಕೂಟರಿನಲ್ಲಿ ಬಂದು ಎಸೆದು ಹೋಗುವವರದ್ದು. ರಾತ್ರಿ ಹನ್ನೊಂದರವರೆಗೆ ಕುರ್ಚಿ ಹಾಕಿಕೊಂಡು ಸರದಿಯಲ್ಲಿ ಕುಳಿತೆವು. ಬೈಯಲಿಲ್ಲ. "ಚೀಲ ಇಲ್ಲಿ ಕೊಡಿ ಸರ್, ಬೆಳಗ್ಗೆ ಗಾಡಿಗೆ ನಾವೇ ಹಾಕುತ್ತೇವೆ" ಎಂದು ಕೈ ಚಾಚಿದೆವು. ಎರಡನೆಯ ಸಲ ಯಾರೂ ಬರಲಿಲ್ಲ.

ಒಣ ಕಸದ ಚೀಲದ ಬಗ್ಗೆಯೂ ಹೇಳಬೇಕು. ಹಸಿಯದು ಮಡಕೆಗೆ ಹೋದ ಮೇಲೆ ಉಳಿದದ್ದು ಒಣಗಿ ಹಗುರವಾಗಿರುತ್ತದೆ, ನಾರುವುದಿಲ್ಲ. ಹಾಲಿನ ಪೊಟ್ಟಣವನ್ನು ತೊಳೆದು ಒಣಗಿಸಿ ಕೊಟ್ಟರೆ ಅದಕ್ಕೆ ಬೆಲೆಯಿದೆ, ಹಾಲು ಅಂಟಿಸಿಕೊಂಡು ಕೊಟ್ಟರೆ ಇಡೀ ಚೀಲವೇ ಕೆಡುತ್ತದೆ. ನಮ್ಮ ವಾರ್ಡಿನ ಒಣ ಕಸ ಸಂಗ್ರಹಣಾ ಕೇಂದ್ರಕ್ಕೆ ಒಮ್ಮೆ ಹೋಗಿದ್ದೆ. ಬೆಂಗಳೂರಿನಲ್ಲಿ ಇಂಥ ಹಲವು ಕೇಂದ್ರಗಳನ್ನು ಹಿಂದೆ ಬೀದಿಯಲ್ಲಿ ಕಸ ಆಯುತ್ತಿದ್ದವರೇ ನಡೆಸುತ್ತಾರೆ. ಹಸಿರು ದಳ ಎಂಬ ಸಂಸ್ಥೆ ಅವರ ಬೆನ್ನಿಗೆ ನಿಂತಿದೆ. ಅಲ್ಲಿ ಕುಳಿತ ಮಹಿಳೆ ಪ್ಲಾಸ್ಟಿಕ್ಕನ್ನು ಬೆರಳಿನಿಂದ ತೀಡಿ, ಶಬ್ದ ಕೇಳಿ, ಯಾವ ಜಾತಿಯದೆಂದು ಹೇಳಿ ಬೇರೆ ಬೇರೆ ಗೋಣಿಗೆ ಎಸೆಯುತ್ತಿದ್ದರು. ನಾನು ಬೇಳೆ ಆರಿಸುವಾಗ ಕಲ್ಲು ಗುರುತಿಸುವ ವೇಗಕ್ಕಿಂತ ಅವರ ವೇಗ ಹೆಚ್ಚು. ಆ ಕೈಗಳಿಗೆ ಒದ್ದೆ ಚೀಲ ಕೊಡಲು ಆಮೇಲೆ ನನಗೆ ಮನಸ್ಸು ಬರಲಿಲ್ಲ. ನಮ್ಮ ಕಡೆ ಒಣ ಕಸದ ಗಾಡಿ ವಾರಕ್ಕೆ ಎರಡು ದಿನ ಎಂದು ಹೇಳುತ್ತಾರೆ. ಕೆಲವು ವಾರ ಒಂದೇ ದಿನ ಬರುತ್ತದೆ, ಕೆಲವು ವಾರ ಹಸಿ ಒಣ ಎರಡನ್ನೂ ಒಂದೇ ಗಾಡಿಗೆ ಸುರಿದುಕೊಂಡು ಹೋಗುವುದನ್ನೂ ಕಂಡಿದ್ದೇನೆ. ಬೇರೆ ಮಾಡಿ ಕೊಟ್ಟವರ ಮನಸ್ಸು ಮುರಿಯುವುದು ಅಲ್ಲಿಯೇ. ಅಂಥ ದಿನ ನಾವು ಗಾಡಿಯ ಮುಂದೆ ನಿಲ್ಲುತ್ತೇವೆ, ಚೀಲವನ್ನು ಕೊಡದೆ ವಾಪಸು ತರುತ್ತೇವೆ. ಒಬ್ಬಳೇ ನಿಂತಿದ್ದರೆ ನನ್ನನ್ನು ಯಾರೂ ಲೆಕ್ಕಿಸುತ್ತಿರಲಿಲ್ಲ. ಹನ್ನೊಂದು ಮನೆಯ ಚೀಲಗಳು ಒಟ್ಟಿಗೆ ಹಿಂದೆ ಹೋದಾಗ ಮರುದಿನ ಬೇರೆ ಗಾಡಿ ಬಂತು.

ಹಾಗಾದರೆ ಕೊಳ್ಳಬೇಕೇ? ಹಿತ್ತಿಲು, ತಾರಸಿ ಅಥವಾ ಮಳೆ ಎರಚದ ಬಾಲ್ಕನಿ ಇದ್ದರೆ ಕೊಳ್ಳಿ. ದಿನಕ್ಕೆ ಐದು ನಿಮಿಷ, ವಾರಕ್ಕೊಮ್ಮೆ ಕೆದಕಲು ಕಾಲು ಗಂಟೆ ಬೇಕು. ತಿಂಗಳಲ್ಲಿ ಹತ್ತು ದಿನ ಊರಿನಲ್ಲಿಲ್ಲದವರಿಗೂ ಇದು ಸರಿಹೋಗುತ್ತದೆ, ಎಲೆ ಮುಚ್ಚಿ ಹೋದರೆ ಅದರ ಪಾಡಿಗೆ ಅದು ಮಾಗುತ್ತದೆ. ದೊಡ್ಡ ಅಪಾರ್ಟ್‌ಮೆಂಟಿನಲ್ಲಿದ್ದರೆ ಮನೆಗೊಂದು ಮಡಕೆಗಿಂತ ಎಲ್ಲರಿಗೂ ಸೇರಿ ದೊಡ್ಡ ತೊಟ್ಟಿ ಮಾಡಿಸುವುದು ಮೇಲು. ಕೊಳ್ಳುವ ಮುಂಚೆ ಕಣ್ಣಾರೆ ನೋಡಬೇಕೆನ್ನುವವರು ಎಚ್.ಎಸ್.ಆರ್. ಬಡಾವಣೆಯ ಸ್ವಚ್ಛಾಗ್ರಹ ಕಲಿಕಾ ಕೇಂದ್ರಕ್ಕೆ ಹೋಗಿ ಬನ್ನಿ. ಬಗೆಬಗೆಯ ಗೊಬ್ಬರದ ಘಟಕಗಳನ್ನು ಒಂದೇ ಉದ್ಯಾನದಲ್ಲಿ ಇಟ್ಟಿದ್ದಾರೆ. ಐದಕ್ಕೆ ನಾಲ್ಕು ಅಂಕ. ಒಂದು ಅಂಕ ಕಳೆದದ್ದು ಮುಚ್ಚಳಕ್ಕೆ ಮತ್ತು ಬಿಡಿ ಮಡಕೆ ಕೊಡದಿರುವುದಕ್ಕೆ.

ತಿಂಗಳಿಗೆ ಸುಮಾರು 18 ಕಿಲೋ ಗೊಬ್ಬರ ಸಿಗುತ್ತದೆ. ಜರಡಿ ಹಿಡಿದು, ಅರ್ಧವನ್ನು ಬೀದಿಯ ಮರಗಳ ಬುಡಕ್ಕೆ ಹಾಕುತ್ತೇವೆ, ಉಳಿದದ್ದನ್ನು ಚೀಲದಲ್ಲಿ ತುಂಬಿ ಮಂಡೂರಿನ ಕಡೆಯ ನನ್ನ ಮಗಳಿಗೆ ಕಳಿಸುತ್ತೇನೆ. ತಂಗಿಯ ಮಗಳನ್ನು ನಾನು ಮಗಳೆಂದೇ ಕರೆಯುವುದು. ಅವಳು ಮನೆಯ ಹಿಂದೆ ಕನಕಾಂಬರ ಹಾಕಿದ್ದಾಳೆ. ಅಂದು ಅವಳ ಹೊಟ್ಟೆಯಲ್ಲಿದ್ದ ಹುಡುಗ ಈಗ ಏಳನೆಯ ತರಗತಿ; ಚೀಲ ಬಿಚ್ಚುವುದು ಅವನ ಕೆಲಸ.

ಕೊಳ್ಳುವವರು ಫೆಬ್ರುವರಿಯೊಳಗೆ ಕೊಂಡುಬಿಡಿ. ಹೊಂಗೆ ಎಲೆ ಉದುರುವುದು ಆಮೇಲೆ. ಆಗ ಕೂಡಿಟ್ಟುಕೊಂಡರೆ ಮಳೆಗಾಲ ಕಳೆಯುತ್ತದೆ, ಇಲ್ಲದಿದ್ದರೆ ಜುಲೈನಲ್ಲಿ ಪುಡಿಗೆ ದುಡ್ಡು ಸುರಿಯಬೇಕಾಗುತ್ತದೆ. ಈ ವರ್ಷ ನಮ್ಮ ಬೀದಿಯಲ್ಲಿ 17 ಮೂಟೆ ಕೂಡಿದವು. ರೈಲ್ವೆಯವರ ಶೆಡ್ಡಿನಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದೇವೆ. ಬೇಕಾದವರು ಬೀಗದ ಕೈ ಇಸ್ತ್ರಿ ಅಂಗಡಿಯಲ್ಲಿ ಕೇಳಿ ಪಡೆಯಬಹುದು.